ಕಷಾಯಕ್ಕೂ ಒಂದು ಲೆಕ್ಕ ಬೇಕು

ಜ್ವರ ಬಂದ ಮಗುವಿಗೆ ಮೊದಲು ಕೆಡುವುದು ಬಾಯಿರುಚಿ. ಅನ್ನ ಕಂಡರೆ ವಾಕರಿಕೆ, ಬಾಯೆಲ್ಲ ಕಹಿ, ಒಮ್ಮೆ ಚಳಿ ಒಮ್ಮೆ ಸೆಕೆ, ಪಕ್ಕೆಲುಬಿನ ಕೆಳಗೆ ಏನೋ ತುಂಬಿಕೊಂಡಂಥ ಭಾರ. ಈ ಲಕ್ಷಣಗಳನ್ನು ಒಂದೇ ಗುಂಪಾಗಿ ಗುರುತಿಸಿ, ಅದಕ್ಕೆಂದೇ ಒಂದು ಕಷಾಯವನ್ನು ಬರೆದಿಟ್ಟ ವೈದ್ಯನೊಬ್ಬ ಸುಮಾರು 1,800 ವರ್ಷಗಳ ಹಿಂದೆ ಚೀನಾದಲ್ಲಿದ್ದ. ಆತನ ಹೆಸರು ಝಾಂಗ್ ಝೋಂಗ್‌ಜಿಂಗ್.

ಆತನ ಗ್ರಂಥದ ಮುನ್ನುಡಿಯಲ್ಲಿ ಮನಕಲಕುವ ವಿವರವೊಂದಿದೆ. ಅವನ ಬಂಧುಬಳಗದಲ್ಲಿ 200ಕ್ಕೂ ಹೆಚ್ಚು ಮಂದಿ ಇದ್ದರು. ಹತ್ತು ವರ್ಷ ತುಂಬುವುದರೊಳಗೆ ಮೂರರಲ್ಲಿ ಎರಡು ಪಾಲು ಜನ ತೀರಿಕೊಂಡರು. ಸತ್ತ ಪ್ರತಿ ಹತ್ತು ಮಂದಿಯಲ್ಲಿ ಏಳು ಮಂದಿಯನ್ನು ಬಲಿ ತೆಗೆದುಕೊಂಡದ್ದು ಜ್ವರ. ಆ ದುಃಖದಿಂದ ಹುಟ್ಟಿದ ಗ್ರಂಥವೇ ಮುಂದೆ ‘ಶಾಂಗ್ ಹಾನ್ ಲುನ್’ ಎಂದು ಪ್ರಸಿದ್ಧವಾಯಿತು. ಅದರಲ್ಲಿ ಬರುವ ‘ಶಿಯಾವೊ ಚಾಯ್ ಹು ತಾಂಗ್’ ಎಂಬ ಕಷಾಯ ಇಂದಿಗೂ ಬಳಕೆಯಲ್ಲಿದೆ.

ಅದರಲ್ಲಿರುವುದು ಏಳೇ ವಸ್ತು. ಚಾಯ್ ಹು ಎಂಬ ಗಿಡದ ಬೇರು, ಹ್ವಾಂಗ್ ಚಿನ್ ಎಂಬ ಹಳದಿ ಬೇರು, ಜಿನ್ಸೆಂಗ್, ಶುಂಠಿ, ಬೋರೆಯ ಬಳಗದ ಒಂದು ಹಣ್ಣು, ನಮ್ಮ ಜ್ಯೇಷ್ಠಮಧುವಿನ ಹತ್ತಿರದ ಸಂಬಂಧಿಯ ಬೇರು, ಮತ್ತು ಕೆಸುವಿನ ಕುಟುಂಬಕ್ಕೆ ಸೇರಿದ ಒಂದು ಗೆಡ್ಡೆ. ಕೆಸುವಿನಂತೆಯೇ ಈ ಗೆಡ್ಡೆಯೂ ಹಸಿಯಾಗಿದ್ದರೆ ಗಂಟಲು ತುರಿಸುತ್ತದೆ. ಅದನ್ನು ಹದಮಾಡಿಯೇ ಬಳಸಬೇಕು.

ಅಷ್ಟಕ್ಕೂ ಜ್ವರಕ್ಕೂ ಹೊಟ್ಟೆಗೂ ಏನು ಸಂಬಂಧ? ವೈರಸ್ ಒಳಹೊಕ್ಕಾಗ ರಕ್ಷಣಾ ಕಣಗಳು ಕೆಲವು ರಾಸಾಯನಿಕ ಸಂದೇಶಗಳನ್ನು ಹೊರಡಿಸುತ್ತವೆ. ಅವು ಮಿದುಳನ್ನು ತಲುಪಿ ಮೈ ಬಿಸಿ ಏರಿಸುತ್ತವೆ, ಹಸಿವನ್ನು ತಗ್ಗಿಸುತ್ತವೆ. ಹೆಪಟೈಟಿಸ್ ವೈರಸ್‌ಗಳಂತೂ ನೇರವಾಗಿ ಯಕೃತ್ತಿನಲ್ಲೇ, ಅಂದರೆ ಲಿವರ್‌ನಲ್ಲೇ, ಬೀಡುಬಿಡುತ್ತವೆ. ಡೆಂಗೆ ಜ್ವರದಲ್ಲೂ ಯಕೃತ್ತಿಗೆ ಪೆಟ್ಟು ಬೀಳುವುದುಂಟು. ಕಣಗಳು ಘಾಸಿಗೊಂಡಾಗ ಅವುಗಳೊಳಗಿನ ಕಿಣ್ವ ರಕ್ತಕ್ಕೆ ಸೋರುತ್ತದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣುವ ‘ಎಸ್‌ಜಿಪಿಟಿ’ ಇಂಥದೇ ಕಿಣ್ವದ ಅಳತೆ.

ಈ ಕಷಾಯ ಕಡಲು ದಾಟಿ ಜಪಾನಿನಲ್ಲಿ ‘ಶೋ-ಸೈಕೋ-ತೋ’ ಎನಿಸಿಕೊಂಡಿತು. ಕಾರ್ಖಾನೆಗಳು ಅದನ್ನು ಪುಡಿಯ ಪೊಟ್ಟಣವಾಗಿಸಿದವು. 1976ರಲ್ಲಿ ಇಂಥ ಅನೇಕ ಸಾಂಪ್ರದಾಯಿಕ ಔಷಧಗಳು ಅಲ್ಲಿನ ಆರೋಗ್ಯ ವಿಮೆಯ ಪಟ್ಟಿಗೆ ಸೇರಿದವು. ದೀರ್ಘಕಾಲದ ಹೆಪಟೈಟಿಸ್ ಇರುವ ರೋಗಿಗಳಿಗೆ ಆಸ್ಪತ್ರೆಗಳ ವೈದ್ಯರೇ ಅದನ್ನು ಬರೆದುಕೊಡತೊಡಗಿದರು. 1995ರಲ್ಲಿ ಒಸಾಕಾದ ವೈದ್ಯರು 260 ಸಿರೋಸಿಸ್ ರೋಗಿಗಳ ಮೇಲೆ ಐದು ವರ್ಷ ನಡೆಸಿದ ಅಧ್ಯಯನ ಪ್ರಕಟವಾದಾಗ, ಈ ಔಷಧ ಯಕೃತ್ತಿನ ಕ್ಯಾನ್ಸರನ್ನೂ ತಡೆದೀತು ಎಂಬ ಆಸೆ ಮೂಡಿತು.

ಆದರೆ ಅಷ್ಟರಲ್ಲಾಗಲೇ ಇನ್ನೊಂದು ಕಡೆಯಿಂದ ಅಪಾಯದ ಸೂಚನೆ ಬಂದಿತ್ತು. ಇದನ್ನು ಕುಡಿಯುತ್ತಿದ್ದ ಕೆಲವರಿಗೆ ಒಣಕೆಮ್ಮು, ಜ್ವರ, ಏದುಸಿರು ಶುರುವಾಗಿತ್ತು. ಶ್ವಾಸಕೋಶದ ಗಾಳಿಚೀಲಗಳ ಗೋಡೆ ಊದಿಕೊಳ್ಳುವ ಗಂಭೀರ ಬಗೆಯ ನ್ಯುಮೋನಿಯಾ ಅದು. ಹೆಪಟೈಟಿಸ್‌ಗೆ ಕೊಡುತ್ತಿದ್ದ ಇಂಟರ್‌ಫೆರಾನ್ ಚುಚ್ಚುಮದ್ದಿನ ಜೊತೆ ಈ ಕಷಾಯ ಕೂಡದು ಎಂದು 1994ರಲ್ಲಿ ಜಪಾನ್ ನಿಷೇಧಿಸಿತು. ಆ ಬಳಿಕವೂ 88 ಪ್ರಕರಣಗಳು ವರದಿಯಾಗಿ, 10 ಮಂದಿ ಮೃತಪಟ್ಟರು. 1996ರ ಮಾರ್ಚ್‌ನಲ್ಲಿ ಸರ್ಕಾರ ತುರ್ತು ಎಚ್ಚರಿಕೆ ಹೊರಡಿಸಬೇಕಾಯಿತು.

ಶತಮಾನಗಳ ಕಾಲ ಜನ ಕುಡಿದ ಕಷಾಯ ಹೀಗೇಕೆ ಮಾಡಿತು? ಕಷಾಯ ಅದೇ, ಬಳಸಿದ ರೀತಿ ಬೇರೆ. ಹಳೆಯ ವೈದ್ಯ ಅದನ್ನು ಹೇಳಿದ್ದು ಜ್ವರದ ಒಂದು ನಿರ್ದಿಷ್ಟ ಹಂತಕ್ಕೆ. ಹೊಸಬರು ‘ಹೆಪಟೈಟಿಸ್’ ಎಂಬ ಹೆಸರು ನೋಡಿ ತಿಂಗಳುಗಟ್ಟಲೆ ಕೊಟ್ಟರು. ಕೆಲವರಿಗೆ ಅದರೊಡನೆ ಬೇರೊಂದು ಪ್ರಬಲ ಔಷಧವೂ ಸೇರಿತು. ಸಾವಿರಕ್ಕೊಬ್ಬರಿಗೆ ಆಗುವ ತೊಂದರೆ ಒಬ್ಬ ವೈದ್ಯನ ಅನುಭವಕ್ಕೆ ಬರದೇ ಹೋಗಬಹುದು. ಆಸ್ಪತ್ರೆಗಳೆಲ್ಲ ಲೆಕ್ಕ ಇಟ್ಟಾಗ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ಜ್ಯೇಷ್ಠಮಧುವೂ ಅಷ್ಟೇ. ಮಿತವಾಗಿದ್ದರೆ ಗಂಟಲಿಗೆ ಹಿತ. ಅತಿಯಾದರೆ ದೇಹದ ಪೊಟ್ಯಾಸಿಯಂ ಇಳಿದು ರಕ್ತದೊತ್ತಡ ಏರುತ್ತದೆ.

ಕರ್ನಾಟಕದ ಮನೆಗಳಿಗೆ ಇದು ದೂರದ ಕಥೆಯಲ್ಲ. ಮಗನಿಗೆ ಕಣ್ಣು ಹಳದಿಯಾದರೆ ನೆಲನೆಲ್ಲಿ ಅರೆದು ಕುಡಿಸುವುದು ಇಲ್ಲಿ ಸಾಮಾನ್ಯ. ಕೆಲವೇ ವಾರಗಳಲ್ಲಿ ಕಾಮಾಲೆ ಇಳಿಯುತ್ತದೆ. ಹೊಗಳಿಕೆಯೆಲ್ಲ ಸೊಪ್ಪಿನ ಪಾಲಾಗುತ್ತದೆ. ಆದರೆ ಕೊಳಕು ನೀರು, ಆಹಾರದಿಂದ ಬರುವ ಹೆಪಟೈಟಿಸ್ ‘ಎ’ ಬಹುತೇಕ ಮಕ್ಕಳಲ್ಲಿ ತಾನಾಗಿಯೇ ವಾಸಿಯಾಗುವ ಕಾಯಿಲೆ. ಗುಣಪಡಿಸಿದ್ದು ಸೊಪ್ಪೋ, ಕಾಲವೋ? ಔಷಧ ಕೊಟ್ಟ ಗುಂಪನ್ನು ಕೊಡದ ಗುಂಪಿನೊಡನೆ ಹೋಲಿಸದೆ ಉತ್ತರ ಸಿಗದು. ವಿಜ್ಞಾನ ಓದುವ ವಿದ್ಯಾರ್ಥಿ ಕಲಿಯಬೇಕಾದ ಮೊದಲ ಪಾಠವಿದು.

ಚೀನಾ ಕೂಡ ಕಷಾಯವನ್ನೇ ನಂಬಿ ಕೂರಲಿಲ್ಲ. 1992ರಿಂದ ನವಜಾತ ಶಿಶುಗಳಿಗೆ ಹೆಪಟೈಟಿಸ್ ‘ಬಿ’ ಲಸಿಕೆ ಹಾಕಿಸತೊಡಗಿತು. ಆ ವರ್ಷದ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 9.67ರಷ್ಟು ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಸಿಕ್ಕಿತ್ತು. 2006ರ ಹೊತ್ತಿಗೆ ಅದು ಶೇ 0.96ಕ್ಕೆ ಇಳಿಯಿತು. ಹೆಪಟೈಟಿಸ್ ‘ಸಿ’ಗಂತೂ ಈಗ ಕೆಲವೇ ತಿಂಗಳಲ್ಲಿ ಬಹುತೇಕ ಎಲ್ಲರನ್ನೂ ಗುಣಪಡಿಸುವ ಮಾತ್ರೆಗಳಿವೆ.

ಹಾಗೆಂದು ಶುಂಠಿ ಕಷಾಯದ ಪಾತ್ರೆಯನ್ನು ಅಟ್ಟಕ್ಕೆ ಹಾಕಬೇಕಿಲ್ಲ. ವಾಕರಿಕೆಗೆ ಶುಂಠಿ, ಸುಸ್ತಿಗೆ ಗಂಜಿ, ಕುದಿಸಿ ಆರಿಸಿದ ನೀರು, ವಿಶ್ರಾಂತಿ ಇವೆಲ್ಲ ಇರಲಿ. ಆದರೆ ಮೂತ್ರ ಕಡು ಹಳದಿಯಾದರೆ, ಕಣ್ಣು ಅರಿಶಿನವಾದರೆ, ವಾಂತಿ ನಿಲ್ಲದಿದ್ದರೆ, ಮಗು ಮಂಕಾಗಿ ತಡವರಿಸಿದರೆ ತಂದೆತಾಯಿ ಕಾಯಬಾರದು. ಮನೆಯಲ್ಲಿ ಕುಡಿಸಿದ ಸೊಪ್ಪು, ಬೇರು, ಪುಡಿ ಏನೇ ಇರಲಿ, ವೈದ್ಯರೆದುರು ಸಂಕೋಚವಿಲ್ಲದೆ ಹೇಳಬೇಕು. ದೇಹಕ್ಕೆ ಸೇರಿದ ಔಷಧಗಳಲ್ಲಿ ಹೆಚ್ಚಿನವನ್ನು ಸಂಭಾಳಿಸಬೇಕಾದುದು ಅದೇ ಯಕೃತ್ತು. ನೊಂದ ಎತ್ತಿನ ಮೇಲೆ ಇನ್ನೊಂದು ಮೂಟೆ ಹೇರುವ ಮುನ್ನ ಅದರ ತೂಕವನ್ನಾದರೂ ನೋಡಬೇಡವೇ? ಗುಣವುಳ್ಳ ಬೇರಿಗೆ ಅಡ್ಡಗುಣವೂ ಇದ್ದೀತು. ಈ ಎಚ್ಚರವಿದ್ದರೆ ಹಳೆಯ ವೈದ್ಯಕ್ಕೂ ಗೌರವ, ಮಗುವಿಗೂ ಕ್ಷೇಮ.