ಊರ ಅಂಗಡಿಯಲ್ಲೇ ಕೊಳ್ಳಬೇಕೆ?

ಕೊಳ್ಳೇಗಾಲ, ಹನೂರು, ಯಳಂದೂರಿನ ಜನ ಫೋನಿನಲ್ಲಿ ತರಿಸುವುದು, ಮೈಸೂರಿಗೆ ಹೋಗಿ ಕೊಳ್ಳುವುದು ಬಿಟ್ಟು ತಮ್ಮೂರಿನ ಅಂಗಡಿಗಳಲ್ಲೇ ವ್ಯಾಪಾರ ಮಾಡಬೇಕೆ?

ಪರ

ಹನೂರು ಕಡೆ ಹೊಲಕ್ಕೆ ನೀರು ಅಂದರೆ ಹೆಚ್ಚಿನವರಿಗೆ ಬೋರ್‌ವೆಲ್ಲೇ. ಟೊಮ್ಯಾಟೊ ಹೂ ಕಚ್ಚಿರುವಾಗ ಮೋಟಾರ್ ಸುಟ್ಟುಹೋಯಿತು ಅನ್ನಿ. ಪೈಪು ಸಮೇತ ಮೇಲೆತ್ತಬೇಕು, ಬಿಚ್ಚಬೇಕು, ಕರಕಲಾದ ತಾಮ್ರದ ತಂತಿ ಕಿತ್ತು ಹೊಸದನ್ನು ಸುತ್ತಬೇಕು, ಗಿಡ ಬಾಡುವ ಮೊದಲು ಮತ್ತೆ ಇಳಿಸಬೇಕು. ಇದಕ್ಕೆ ವೈಂಡಿಂಗ್ ಅಂಗಡಿಯವನೇ ಬೇಕು. ಆದರೆ ಬರೀ ರಿಪೇರಿ ಕೂಲಿಯಲ್ಲಿ ಅವನ ಅಂಗಡಿ ನಡೆಯುವುದಿಲ್ಲ. ಸ್ಟಾರ್ಟರ್, ಕೇಬಲ್, ಕೆಪಾಸಿಟರ್ ಮಾರಿದ ಲಾಭವೂ ಸೇರಿದರೆ ಬಾಡಿಗೆ ಕಟ್ಟುತ್ತಾನೆ. ಅವನ್ನೆಲ್ಲ ನೂರಿನ್ನೂರು ಉಳಿಯುತ್ತದೆಂದು ಆನ್‌ಲೈನಿನಲ್ಲಿ ತರಿಸಿಕೊಂಡು, ಸುಟ್ಟ ಮೋಟಾರನ್ನು ಮಾತ್ರ ಅವನ ಮುಂದಿಟ್ಟರೆ ಎಷ್ಟು ದಿನ ಬಾಗಿಲು ತೆರೆದಾನು?

ಇನ್ನು ಕಡ. “ಫಸಲು ಮಾರಿ ಕೊಡ್ತೀನಣ್ಣ” ಅಂದರೆ ಬೀಜ, ಬೇಳೆ, ಎಣ್ಣೆ ಕಟ್ಟಿಕೊಡುವವನು ಊರ ಅಂಗಡಿಯವನು. ಅವನು ಪಹಣಿ ಕೇಳುವುದಿಲ್ಲ. ಯಾವೂರು, ಯಾರ ಮಗ ಅಂತ ಕೇಳುತ್ತಾನೆ.

ಸಣ್ಣ ವಾದ ಅನ್ನಿಸಬಹುದು, ಆದರೂ ಹೇಳಬೇಕು: ಕೊಳ್ಳೇಗಾಲದ ನಗರಸಭೆಗೂ ಹನೂರು, ಯಳಂದೂರಿನ ಪಟ್ಟಣ ಪಂಚಾಯಿತಿಗಳಿಗೂ ಅಂಗಡಿಗಳಿಂದ ಆಸ್ತಿ ತೆರಿಗೆ, ಪರವಾನಗಿ ಶುಲ್ಕ ಬರುತ್ತದೆ. ಮನೆ ಬಾಗಿಲಿಗೆ ಬರುವ ಪಾರ್ಸೆಲ್ಲಿನಿಂದ ಅದು ಬರುವುದಿಲ್ಲ.

ವಿರೋಧ

ಊರಲ್ಲೇ ಕೊಳ್ಳಿ ಎಂಬ ಮಾತನ್ನು ಕೊಳ್ಳೇಗಾಲದ ಮಗ್ಗದ ಮನೆಯಲ್ಲಿ ಹೇಳಿ ನೋಡಿ. ಇಲ್ಲಿನ ದೇವಾಂಗರು ನೇಯುವ ರೇಷ್ಮೆ ಸೀರೆ ಇಲ್ಲಿನವರೇ ಉಟ್ಟು ಮುಗಿಸುವಂಥದ್ದಲ್ಲ. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ತಾಲ್ಲೂಕು ಇದು. ಹೊರಗಿನ ಪೇಟೆ ಇದಕ್ಕೆ ಹೊಸತಲ್ಲ. ಬೆಂಗಳೂರಿನವರೂ ಚೆನ್ನೈನವರೂ “ನಮ್ಮೂರಿನದೇ ಸಾಕು” ಎಂದು ಪಟ್ಟು ಹಿಡಿದರೆ ನಿಲ್ಲುವುದು ಕೊಳ್ಳೇಗಾಲದ ಮಗ್ಗ. ನಾವು ಮಾರುವಾಗ ನಾಡೆಲ್ಲ ನಮ್ಮದು, ಕೊಳ್ಳುವಾಗ ಮಾತ್ರ ಊರಿಗೆ ಬೇಲಿ ಅನ್ನುವುದು ಯಾವ ನ್ಯಾಯ?

ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನೇ ನೋಡಿ. 2011ರಲ್ಲಿ ಅವರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಆದರೆ ಹಕ್ಕೊಂದೇ ಸಾಲದು, ಅವರ ಕಾಫಿಗೆ, ಜೇನಿಗೆ ಒಳ್ಳೆಯ ಬೆಲೆ ಬರಬೇಕಾದರೆ ದೂರದ ಗಿರಾಕಿ ಬೇಕು. ಬೆಟ್ಟದ ಕೆಳಗಿನ ಅಂಗಡಿಯಲ್ಲಿರುವ ಜೇನಿನ ಬಾಟಲಿಯನ್ನು ಒಮ್ಮೆ ತಿರುಗಿಸಿ ವಿಳಾಸ ಓದಿ. ಅಂಗಡಿ ಊರಿನದಾದ ಮಾತ್ರಕ್ಕೆ ಸರಕೂ ಊರಿನದಾಗುವುದಿಲ್ಲ.

ಆನ್‌ಲೈನಿನಲ್ಲಿ ಕೊಂಡರೆ ರಾಜ್ಯದ ತೆರಿಗೆ ಕೈತಪ್ಪುತ್ತದೆ ಅನ್ನುವುದೂ ಸರಿಯಲ್ಲ. ಜಿಎಸ್‌ಟಿಯಲ್ಲಿ ರಾಜ್ಯದ ಪಾಲು ಸರಕು ತಲುಪಿದ ರಾಜ್ಯಕ್ಕೇ ಸೇರುತ್ತದೆ. ಪಾರ್ಸೆಲ್ ಜತೆ ಬಿಲ್ಲಾದರೂ ಬರುತ್ತದೆ. ಬಿಲ್ ಕೇಳಿದರೆ “ಹಾಗಾದ್ರೆ ಟ್ಯಾಕ್ಸ್ ಸೇರಿಸ್ಲಾ?” ಅನ್ನುವ ಅಂಗಡಿಗಳು ಯಾವ ಊರಲ್ಲಿಲ್ಲ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ರಾಜ್ಯದ ಎಷ್ಟೋ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿ ಅಂಟಿತು. ಅವರ ಭಯ ಸುಳ್ಳಲ್ಲ, ಆದರೆ ಚಿಲ್ಲರೆಗೆ ಪರದಾಡಿದವನು ಗಿರಾಕಿ.

ಕಡವನ್ನು ಉಪಕಾರವೆಂದು ಹೊಗಳುವವರು ಕಡ ಬರೆಸಿದವನನ್ನೂ ಕೇಳಬೇಕು. ಬಾಕಿ ಇರುವವನು ದರ ಚೌಕಾಸಿ ಮಾಡುವಂತಿಲ್ಲ, ಪಕ್ಕದ ಅಂಗಡಿಯ ಮೆಟ್ಟಿಲು ಹತ್ತಿದರೆ ಸಂಜೆಯೊಳಗೆ ಸುದ್ದಿ ಮುಟ್ಟಿರುತ್ತದೆ. ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿ ಬೇರೆ ಕಡೆ ಎಷ್ಟಕ್ಕೆ ಸಿಗುತ್ತದೆ ಎಂಬುದು ಅಂಥವನಿಗೆ ತಿಳಿಯುವುದು ಮಗಳು ಫೋನಿನಲ್ಲಿ ತೋರಿಸಿದಾಗ.