ಹಚ್ಚುವ ಮದ್ದಿಗೂ ಅಳತೆ ಉಂಟು

ಶನಿವಾರ ಬಂತೆಂದರೆ ಮುಂಬಯಿಯ ಮಾರುತಿ ಗುಡಿಗಳ ಮುಂದೆ ಎಕ್ಕದ ಎಲೆಯ ಮಾಲೆಗಳು ತೂಗಾಡುತ್ತವೆ. ಅದೇ ಎಲೆಗೆ ಎಣ್ಣೆ ಸವರಿ, ಕಾವಲಿಯ ಮೇಲೆ ಬಾಡಿಸಿ, ನೋಯುವ ಮಂಡಿಗೆ ಕಟ್ಟುವುದು ಊರುಗಳಿಂದ ಈ ಶಹರಕ್ಕೆ ಬಂದ ಹಳೆಯ ಮನೆಮದ್ದು. ಎಲೆ ಕಿತ್ತಾಗ ತೊಟ್ಟಿನಿಂದ ಒಸರುವ ಬಿಳಿ ಹಾಲು ಮಾತ್ರ ಸಾಧುವಲ್ಲ. ಚರ್ಮಕ್ಕೆ ತಾಗಿದರೆ ಉರಿ, ಬೊಕ್ಕೆ. ಕೈ ತೊಳೆಯದೆ ಕಣ್ಣುಜ್ಜಿಕೊಂಡರೆ ಕಾರ್ನಿಯಾ ಊದಿಕೊಂಡು ದೃಷ್ಟಿಯೇ ಮಂಜು. ಹಾಗಿದ್ದೂ ‘ಗಿಡಮೂಲಿಕೆ ತಾನೆ, ಅದೂ ಹೊರಗೆ ಹಚ್ಚುವುದು, ಏನಾದೀತು?’ ಎಂಬ ಮಾತು ಮನೆಮನೆಯಲ್ಲೂ ಕೇಳುತ್ತದೆ. ಈ ಮಾತಿನಲ್ಲಿ ಎರಡು ನಂಬಿಕೆಗಳಿವೆ, ಎರಡೂ ಅರ್ಧ ಸುಳ್ಳು.

ನೋವಿನ ಬಾಮು ಒಂದರ್ಥದಲ್ಲಿ ಮುಂಬಯಿಯದೇ ಕೂಸು. ಕಾಶೀನಾಥುನಿ ನಾಗೇಶ್ವರ ರಾವ್ 1893ರಲ್ಲಿ ಅಮೃತಾಂಜನವನ್ನು ಶುರು ಮಾಡಿದ್ದು ಇಲ್ಲೇ. ಮೊದಮೊದಲು ಅದನ್ನು ಸಂಗೀತ ಕಚೇರಿಗಳಲ್ಲಿ ಪುಕ್ಕಟೆ ಹಂಚುತ್ತಿದ್ದರಂತೆ. ಝಂಡು ಕಂಪನಿ 1910ರಲ್ಲಿ ಇದೇ ನಗರದಲ್ಲಿ ಹುಟ್ಟಿತು. ಲೋಕಲ್ ಗಾಡಿಯಲ್ಲಿ ಜೋತುಬಿದ್ದು ಬರುವವರು, ಮಸ್ಜಿದ್ ಬಂದರಿನಲ್ಲಿ ಮೂಟೆ ಹೊರುವ ಮಾಥಾಡಿಗಳು, ಉಡುಪಿ ಹೋಟೆಲುಗಳಲ್ಲಿ ದಿನವಿಡೀ ನಿಂತೇ ದುಡಿಯುವ ಹುಡುಗರು ಇರುವ ಊರಿನಲ್ಲಿ ಇಂಥದೊಂದು ಡಬ್ಬಿಗೆ ಗಿರಾಕಿ ಸಿಗದೇ ಇರುತ್ತದೆಯೇ?

ಆದರೆ ಈ ಡಬ್ಬಿಯೊಳಗಿನದಕ್ಕೂ ಆ ಹುಡುಗರ ಊರಿನ ಮದ್ದಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಕರಾವಳಿಯಲ್ಲಿ ಮೈಕೈ ನೋವಿಗೆ ಲಕ್ಕಿ ಸೊಪ್ಪನ್ನು ಹಂಡೆ ನೀರಿನಲ್ಲಿ ಕುದಿಸಿ ಮೀಯುತ್ತಾರೆ. ಇಲ್ಲವೇ ಸೊಪ್ಪಿನ ರಸವನ್ನು ಎಳ್ಳೆಣ್ಣೆಯಲ್ಲಿ ಕಾಯಿಸಿ ತಿಕ್ಕುತ್ತಾರೆ. ಅಲ್ಲಿ ಗಿಡದ ಸತ್ವ ತೆಳು. ಬಿಸಿನೀರು, ತಿಕ್ಕುವ ಕೈ, ಆಮೇಲಿನ ವಿಶ್ರಾಂತಿ ಇವುಗಳದ್ದೇ ಬಹುಪಾಲು ಕೆಲಸ. ಬಾಮಿನಲ್ಲಿರುವುದು ಭಟ್ಟಿಯಿಳಿಸಿದ ಗಟ್ಟಿ ಸತ್ವ. ಎರಡಕ್ಕೂ ‘ಆಯುರ್ವೇದ’ ಎಂಬ ಒಂದೇ ಹಣೆಪಟ್ಟಿ.

ಅನೇಕ ಬಾಮುಗಳ ಲೇಬಲ್ಲಿನಲ್ಲಿ ‘ಗಂಧಪುರ ತೈಲ’ ಎಂಬ ಹೆಸರು ಕಾಣುತ್ತದೆ. ಇದರಲ್ಲಿ ಹೆಚ್ಚುಕಡಿಮೆ ಪೂರ್ತಿ ಇರುವುದು ಮೀಥೈಲ್ ಸ್ಯಾಲಿಸಿಲೇಟ್, ಆಸ್ಪಿರಿನ್ನಿನ ಹತ್ತಿರದ ನೆಂಟ. ಶುದ್ಧ ತೈಲದ ಒಂದು ಚಮಚದಲ್ಲಿ, ಅಂದರೆ 5 ಮಿಲಿಲೀಟರಿನಲ್ಲಿ, ಸುಮಾರು 20 ಆಸ್ಪಿರಿನ್ ಮಾತ್ರೆಗಳಷ್ಟು ಶಕ್ತಿಯಿದೆ. ಮಗು ಅಷ್ಟನ್ನು ನುಂಗಿದರೆ ಜೀವಕ್ಕೇ ಅಪಾಯ. ಚರ್ಮದ ಮೂಲಕ ಇಷ್ಟೊಂದು ಇಳಿಯುವುದಿಲ್ಲ, ನಿಜ. ಇಳಿಯುವುದೇ ಇಲ್ಲ ಎಂದಲ್ಲ. 2007ರಲ್ಲಿ ನ್ಯೂಯಾರ್ಕಿನ 17 ವರ್ಷದ ಓಟಗಾರ್ತಿಯೊಬ್ಬಳು ತೀರಿಕೊಂಡಾಗ, ನೋವಿನ ಮುಲಾಮುಗಳನ್ನು ವಿಪರೀತ ಬಳಸಿದ್ದರಿಂದ ಮೈಸೇರಿದ ಮೀಥೈಲ್ ಸ್ಯಾಲಿಸಿಲೇಟೇ ಕಾರಣವೆಂದು ಅಲ್ಲಿನ ವೈದ್ಯಾಧಿಕಾರಿಗಳು ಹೇಳಿದರು.

ಲಕ್ಷಾಂತರ ಜನ ತಲೆಮಾರುಗಳಿಂದ ಹಚ್ಚುತ್ತಿಲ್ಲವೇ ಎಂದು ಕೇಳಬಹುದು. ಹಚ್ಚುತ್ತಿದ್ದಾರೆ, ಬಹುತೇಕರಿಗೆ ಏನೂ ಆಗಿಲ್ಲ. ನ್ಯೂಯಾರ್ಕಿನದು ಅಪರೂಪದಲ್ಲಿ ಅಪರೂಪ. ಆದ್ದರಿಂದ ಡಬ್ಬಿ ಬಿಸಾಡಬೇಕೆಂದು ಯಾರೂ ಹೇಳಬೇಕಿಲ್ಲ. ಕೇಳಬೇಕಾದ್ದು ಎಷ್ಟು ಜಾಗಕ್ಕೆ, ದಿನಕ್ಕೆ ಎಷ್ಟು ಸಲ, ಮೇಲೆ ಏನು ಸುತ್ತಿ ಎಂದು. ಹಚ್ಚಿದ ಮೇಲೆ ಬಟ್ಟೆ ಬಿಗಿದು, ಬಿಸಿನೀರಿನ ಚೀಲ ಇಟ್ಟು ಮಲಗುವವರಿದ್ದಾರೆ. ಶಾಖಕ್ಕೆ ಚರ್ಮದ ರಕ್ತನಾಳಗಳು ಹಿಗ್ಗಿ ಔಷಧ ಹೆಚ್ಚು ಒಳಸೇರುತ್ತದೆ, ಸುಟ್ಟಗಾಯವೂ ಆಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಇಂಥ ಮುಲಾಮುಗಳ ಬಗ್ಗೆ ಎಚ್ಚರಿಸಿದಾಗ, ತೀವ್ರ ಸುಟ್ಟಗಾಯಗಳ ಹೆಚ್ಚಿನ ಪ್ರಕರಣಗಳಲ್ಲಿ ಮೆಂಥಾಲ್ ಶೇ. 3ಕ್ಕಿಂತ, ಮೀಥೈಲ್ ಸ್ಯಾಲಿಸಿಲೇಟ್ ಶೇ. 10ಕ್ಕಿಂತ ಹೆಚ್ಚಿತ್ತು. ಮನೆಯ ಡಬ್ಬಿಯನ್ನು ತಿರುಗಿಸಿ ಈ ಎರಡು ಅಂಕಿ ನೋಡುವುದಕ್ಕೆ ಕನ್ನಡಕ ಬೇಕಾದೀತು, ನೋಡಲೇಬೇಕು.

ಬಾಮು ಏನು ಮಾಡುತ್ತದೆ ಎಂಬುದೂ ಈಗ ತಕ್ಕಮಟ್ಟಿಗೆ ಗೊತ್ತಿದೆ. ಮೆಣಸಿನಕಾಯಿಯ ಖಾರ ಮತ್ತು ಮೆಂಥಾಲಿನ ತಂಪನ್ನು ನರಗಳು ಹೇಗೆ ಗುರುತಿಸುತ್ತವೆ ಎಂದು ಹುಡುಕಿದವರಲ್ಲಿ ಡೇವಿಡ್ ಜೂಲಿಯಸ್ ಒಬ್ಬರು; 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಹಂಚಿಕೊಂಡವರು. ತಂಪಿನ ಗ್ರಾಹಕವನ್ನು ಮೆಂಥಾಲ್ ಕೆಣಕಿದಾಗ ಚರ್ಮ ತಣ್ಣಗಾದಂತೆ ಅನಿಸುತ್ತದೆ, ನೋವಿನತ್ತ ಗಮನ ತಗ್ಗುತ್ತದೆ. ಸ್ನಾಯು ಅದರಿಂದ ರಿಪೇರಿಯಾಗುವುದಿಲ್ಲ. ಹೊಸದಾಗಿ ಜಿಮ್ಮಿಗೆ ಸೇರಿದವರ, ಮ್ಯಾರಥಾನ್ ಓಡಿದವರ ಮೈನೋವು ಒಂದರಿಂದ ಮೂರು ದಿನದೊಳಗೆ ತಾರಕಕ್ಕೇರಿ ತಾನಾಗಿಯೇ ಇಳಿಯುತ್ತದೆ. ಕೀರ್ತಿ ಮಾತ್ರ ಬಾಮಿಗೆ. ಹಿತವಾಗುವುದೇನೂ ಸಣ್ಣ ಲಾಭವಲ್ಲ. ಆದರೆ ಹಿತ ಸಾಲಲಿಲ್ಲವೆಂದು ಮತ್ತೆ ಮತ್ತೆ ಬಳಿದುಕೊಂಡರೆ ಗುಣ ಬೇಗ ಬರುವುದಿಲ್ಲ.

ಆಸ್ಪಿರಿನ್ ಒಗ್ಗದವರು ಮತ್ತು ರಕ್ತ ತೆಳುವಾಗಲು ವಾರ್ಫರಿನ್ ನುಂಗುವವರು ವೈದ್ಯರನ್ನು ಕೇಳದೆ ಗಂಧಪುರ ತೈಲದ ತಂಟೆಗೆ ಹೋಗಬಾರದು. ಎಳೆಯ ಮಕ್ಕಳ ಮೈಗೆ ಕರ್ಪೂರದ ಬಾಮು ಬೇಡವೇ ಬೇಡ. ಕರ್ಪೂರ ಹೊಟ್ಟೆ ಸೇರಿದರೆ ಫಿಟ್ಸ್ ಬರಬಹುದು. ಗಾಯ, ತರಚು, ಕಣ್ಣಿನ ಸುತ್ತ ಯಾವುದನ್ನೂ ಹಚ್ಚುವಂತಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಆತಂಕದ ವಿಚಾರ ತಿಕ್ಕಲೇಬಾರದ ನೋವುಗಳದ್ದು. ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಹೆಪ್ಪು ಜಾರಿ ಶ್ವಾಸಕೋಶ ಸೇರುವ ಭಯವಿದೆ. ಬೆವರು, ಎದೆ ಬಿಗಿತದೊಂದಿಗೆ ಎಡಭುಜ ಹಿಡಿದುಕೊಂಡರೆ ಅದನ್ನು ಗಾಡಿಯಲ್ಲಿ ನಿಂತುಬಂದ ಆಯಾಸವೆಂದು ಕರೆದು ಬಾಮು ಹಚ್ಚಿ ಮಲಗಿಸುವ ಮನೆಗಳು ಇಂದಿಗೂ ಇವೆ. ಅಲ್ಲಿ ಡಬ್ಬಿ ಹುಡುಕುವ ಮೊದಲು 108ಕ್ಕೆ ಫೋನು ಹೋಗಬೇಕು.