ಲಿಮಿಟ್ಟೂ ಮರ್ಯಾದೆಯೂ

ಮನುಷ್ಯರಂತೆ ಮಾತುಗಳೂ ವಲಸೆ ಹೋಗುತ್ತವೆ. ಒಂದು ಭಾಷೆಯಲ್ಲಿ ಹುಟ್ಟಿದ ಮಾತು ಇನ್ನೊಂದು ಭಾಷೆಯ ಮನೆಗೆ ಬಂದು, ಮೊದಲು ಜಗಲಿಯಲ್ಲಿ ಕುಳಿತು, ಆಮೇಲೆ ನಡುಮನೆಗೆ ನಡೆದು, ಕೊನೆಗೆ ಅಡುಗೆಮನೆಯವರೆಗೂ ಸಲಿಗೆಯಿಂದ ಓಡಾಡುತ್ತದೆ. ಹಾಗೆ ನಮ್ಮಲ್ಲಿಗೆ ಬಂದು ನೆಲೆಸಿದ ಇಂಗ್ಲಿಷ್ ಮಾತುಗಳಲ್ಲಿ 'ಲಿಮಿಟ್' ಎಂಬುದೂ ಒಂದು. ಬೆಂಗಳೂರಿನ ಉತ್ತರ ಭಾಗದ ತಣಿಸಂದ್ರದಂಥ ಬಡಾವಣೆಯ ಮುಖ್ಯರಸ್ತೆಯಲ್ಲಿ ಒಂದು ಗಳಿಗೆ ಕಿವಿಗೊಟ್ಟು ನಿಂತರೆ ಇದರ ಸಂಚಾರ ಎಷ್ಟು ವಿಸ್ತಾರವಾದುದೆಂಬುದು ತಿಳಿಯುತ್ತದೆ. ವಾಹನ ಓಡಿಸುವವನಿಗೆ ಸ್ಪೀಡ್ ಲಿಮಿಟ್. ಬ್ಯಾಂಕಿನ ಕಾರ್ಡು ಇಟ್ಟುಕೊಂಡವನಿಗೆ ಸಾಲದ ಲಿಮಿಟ್. "ಮೊಬೈಲು ನೋಡುವುದಕ್ಕೂ ಒಂದು ಲಿಮಿಟ್ ಬೇಡವೇನೋ?" ಎಂದು ತಾಯಿ ಮಗನನ್ನು ಗದರಿಸುತ್ತಾಳೆ. "ಲಿಮಿಟ್ ಕ್ರಾಸ್ ಮಾಡಬೇಡ" ಎಂದು ಜಗಳವಾಡುವವನು ತೋಳೇರಿಸುತ್ತಾನೆ. ಅಳತೆ, ಬುದ್ಧಿವಾದ, ಬೆದರಿಕೆ ಇಷ್ಟಕ್ಕೂ ಒಂದೇ ಮಾತು! ಇಷ್ಟೊಂದು ಹೊರೆಯನ್ನು ಒಂದೇ ಮಾತಿನ ಹೆಗಲಿಗೆ ಹೇರುವುದು ಯುಕ್ತವೆ ಎಂಬುದೇ ಇಲ್ಲಿ ನಾವು ವಿಚಾರಿಸಬೇಕಾದ ಪ್ರಶ್ನೆ.

ಮೊದಲು ಈ ಅತಿಥಿಯ ಕುಲಗೋತ್ರವನ್ನು ತಿಳಿಯೋಣ. ಲ್ಯಾಟಿನ್ ಭಾಷೆಯಲ್ಲಿ 'ಲೀಮೆಸ್' ಎಂಬ ಪದವಿದೆ. ಹೊಲಕ್ಕೂ ಹೊಲಕ್ಕೂ ನಡುವೆ ಬಿಟ್ಟ ಎಲ್ಲೆಯ ದಾರಿಗೆ ಆ ಹೆಸರು. ಮುಂದೆ ರೋಮನ್ ಸಾಮ್ರಾಜ್ಯದ ಗಡಿನಾಡಿಗೂ ಅದೇ ಹೆಸರಾಯಿತು. ಅದು ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷನ್ನು ಸೇರಿ 'ಲಿಮಿಟ್' ಆಯಿತು. ನಮ್ಮ ರೈತನ ಬದುವೂ ರೋಮನ್ ರೈತನ ಲೀಮೆಸ್ಸೂ ಒಂದೇ ಕೆಲಸ ಮಾಡಿದವು ಎಂದಾಯಿತು. ಇಂಗ್ಲಿಷಿನವರು ಆಡುಮಾತಿನಲ್ಲಿ ಈ ಪದವನ್ನು ವಿನೋದವಾಗಿಯೂ ಬಳಸುವುದುಂಟು. ಸಹಿಸಲು ಅಸಾಧ್ಯನಾದವನನ್ನು ಕಂಡು, ಇವನೇ ಲಿಮಿಟ್ ಎಂದುಬಿಡುತ್ತಾರೆ. ನಮ್ಮ ಸಹನೆ ಮುಗಿಯುವ ಜಾಗವೇ ಈತ ಎಂದು ಅದರ ಭಾವ.

ಹೊರಗಿನಿಂದ ಬಂದ ಮಾತು ಎಂಬ ಒಂದೇ ಕಾರಣಕ್ಕೆ ಇದನ್ನು ಹೊರಗಟ್ಟಬೇಕೆಂದು ನಾನು ಹೇಳುವುದಿಲ್ಲ. ಅರಬ್ಬಿಯಲ್ಲಿ ಎಲ್ಲೆಯನ್ನು ಸೂಚಿಸುವ 'ಹದ್' ಎಂಬ ಪದ ಪಾರಸಿ, ಉರ್ದುಗಳ ಮೂಲಕ ಬಂದು ನಮ್ಮಲ್ಲಿ 'ಹದ್ದು' ಆಯಿತು. 'ಸರಹದ್ದು', 'ಹದ್ದುಮೀರು' ಎಂಬ ಮಾತುಗಳು ಅದರಿಂದಲೇ ಬೆಳೆದವು. ಜಮೀನಿನ ಮೇರೆಯನ್ನು ಅಳೆದು ಗುರುತಿಸಿಕೊಡಿರೆಂದು ರೈತನು ಸರ್ವೆ ಇಲಾಖೆಗೆ ಸಲ್ಲಿಸುವ ಅರ್ಜಿಗೆ ಇಂದಿಗೂ 'ಹದ್ದುಬಸ್ತು' ಅರ್ಜಿಯೆಂದೇ ಹೆಸರು. ಆ ಪದ ಕಚೇರಿಯಿಂದ ಮನೆಗೂ ಬಂದು, ತುಂಟ ಮಗುವನ್ನು 'ಹದ್ದುಬಸ್ತಿನಲ್ಲಿಡುವ' ಮಾತಾಯಿತು. ಅದು ಕನ್ನಡದ ಸಂಪತ್ತನ್ನು ಹೆಚ್ಚಿಸಿತೇ ಹೊರತು ಕುಗ್ಗಿಸಲಿಲ್ಲ. ಏಕೆಂದರೆ ಅದು ಬಂದಾಗ ಮನೆಯಲ್ಲಿದ್ದವರನ್ನು ಎಬ್ಬಿಸಿ ಕಳುಹಿಸಲಿಲ್ಲ. 'ಲಿಮಿಟ್' ಮಾತ್ರ ಹಾಗಲ್ಲ; ಅದು ಬಂದ ಕಡೆಯಲ್ಲೆಲ್ಲ ಹಲವು ಮಾತುಗಳು ಎದ್ದುಹೋಗುತ್ತಿವೆ.

ಹಾಗೆ ಎದ್ದುಹೋಗುತ್ತಿರುವವು ಯಾವುವು? ಹೊಲಕ್ಕೆ ಬದು, ಊರಿಗೆ ಎಲ್ಲೆ, ರಾಜ್ಯಕ್ಕೆ ಗಡಿ, ಬಟ್ಟೆಗೆ ಅಂಚು, ಕಾಲಕ್ಕೆ ಅವಧಿ, ಶಕ್ತಿಗೆ ಅಳವು, ಖರ್ಚಿಗೆ ಮಿತಿ, ಮನಸ್ಸಿಗೆ ಅಂಕೆ, ಪಾಕಕ್ಕೆ ಹದ. ಇವೆಲ್ಲವೂ 'ಇಲ್ಲಿಗೆ ನಿಲ್ಲು' ಎನ್ನುವ ಮಾತುಗಳೇ. ಆದರೆ ಒಂದೊಂದೂ ಬೇರೆ ದನಿಯಲ್ಲಿ ಹೇಳುತ್ತದೆ. ಬೆಲ್ಲದ ಪಾಕಕ್ಕೆ ಗಡಿಯಿಲ್ಲ, ಹದವಿದೆ. ರಾಜ್ಯಕ್ಕೆ ಹದವಿಲ್ಲ, ಗಡಿಯಿದೆ. ಗಡಿಯನ್ನು ನಕಾಶೆಯಲ್ಲಿ ತೋರಿಸಬಹುದು; ಹದವನ್ನು ತಿಳಿಯಲು ಒಲೆಯ ಮುಂದೆ ಕುಳಿತಿರಬೇಕು.

ಈ ವ್ಯತ್ಯಾಸವನ್ನು ತಣಿಸಂದ್ರದ ನೆಲವೇ ನಮಗೆ ಕಲಿಸಬಲ್ಲದು. ಹಿಂದಿನ ಬೆಂಗಳೂರಿಗೆ ನಾಲ್ಕು ದಿಕ್ಕಿನಲ್ಲಿ ನಾಲ್ಕು ಗೋಪುರಗಳು ಎಲ್ಲೆಯಾಗಿದ್ದವೆಂದು ಜನ ಹೇಳುತ್ತಾರೆ. ಉತ್ತರದ ಗೋಪುರ ಮೇಖ್ರಿ ವೃತ್ತದ ಸಮೀಪದಲ್ಲಿದೆ. ತಣಿಸಂದ್ರವು ಅದಕ್ಕಿಂತಲೂ ಬಹು ಆಚೆಗಿದ್ದ ಹಳ್ಳಿ. 2007ರಲ್ಲಿ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ ನೂರಕ್ಕೂ ಹೆಚ್ಚು ಹಳ್ಳಿಗಳನ್ನೂ ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು; ತಣಿಸಂದ್ರ ಅದರ ಒಂದು ವಾರ್ಡಾಯಿತು. 2025ರಲ್ಲಿ ಆ ಪಾಲಿಕೆಯೂ ಹೋಗಿ ಅದರ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಬಂದವು. ಹದಿನೆಂಟು ವರ್ಷಗಳಲ್ಲಿ ಎರಡು ಸಲ ಗೆರೆ ಬದಲಾಯಿತು. ಆಡಳಿತದ ಗಡಿಯ ಸ್ವಭಾವವೇ ಅಂಥದು: ಮನುಷ್ಯ ಎಳೆದ ಗೆರೆಯನ್ನು ಮನುಷ್ಯನೇ ಅಳಿಸಿ ಮತ್ತೆ ಎಳೆಯಬಲ್ಲ.

ಆದರೆ ಅದೇ ನೆಲದಲ್ಲಿ ಇನ್ನೊಂದು ಬಗೆಯ ಎಲ್ಲೆಯೂ ಇದೆ. ಬೊಮ್ಮಸಂದ್ರ, ಸಿಂಗಸಂದ್ರ, ತಣಿಸಂದ್ರ ಮೊದಲಾದ ಹೆಸರುಗಳ ಕೊನೆಯ 'ಸಂದ್ರ'ವು 'ಸಮುದ್ರ' ಎಂಬುದರ ಸವೆದ ರೂಪವೆಂದು ಹೇಳುತ್ತಾರೆ. ಸಮುದ್ರವೆಂದರೆ ಇಲ್ಲಿ ದೊಡ್ಡ ಕೆರೆ. ಹೊಯ್ಸಳರ ದ್ವಾರಸಮುದ್ರವನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ಕೆರೆ ಕಟ್ಟಿದ ಹಿರಿಯರು ಏರಿಯನ್ನು ಎತ್ತರಿಸಿ ಸುಮ್ಮನಾಗಲಿಲ್ಲ. ನೀರು ಮಿತಿಮೀರಿದಾಗ ಏರಿ ಒಡೆಯದಂತೆ ಹೊರಗೆ ಹರಿದುಹೋಗಲು ಒಂದು ಕಡೆ ಕೋಡಿಯನ್ನು ಬಿಟ್ಟರು. ಜಕ್ಕೂರು ಕೆರೆಯಲ್ಲಿ ಹೆಚ್ಚಾದ ನೀರು ತಣಿಸಂದ್ರದ ಬಳಿಯ ರಾಚೇನಹಳ್ಳಿ ಕೆರೆಯನ್ನು ಸೇರುತ್ತದೆ. ಒಂದು ಕೆರೆಯ ಕೋಡಿ ಇನ್ನೊಂದು ಕೆರೆಯ ಪಾಲು. ಕೋಡಿಯೂ ಒಂದು 'ಲಿಮಿಟ್ಟೇ' ಸರಿ. ಆದರೆ ಅದು ಅಡ್ಡಗೋಡೆಯಲ್ಲ, ನೆರೆಯವನಿಗೆ ದಾರಿ. ಈ ಎಲ್ಲೆಯನ್ನು ಕಚೇರಿಯ ಆದೇಶದಿಂದ ಬದಲಿಸಲಾಗುವುದಿಲ್ಲ. ಕಾಲುವೆಯನ್ನು ಮುಚ್ಚಿ ಕಟ್ಟಡ ಕಟ್ಟಿದರೂ ನೀರು ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲ. 2024ರ ಅಕ್ಟೋಬರಿನ ಮಳೆಗೆ ಸಮೀಪದ ಮಾನ್ಯತಾ ಟೆಕ್ ಪಾರ್ಕಿನ ರಸ್ತೆಗಳು ಹೊಳೆಯಂತಾದುದನ್ನು ನಾಡೆಲ್ಲ ಕಂಡಿತು. ಮನುಷ್ಯನು ಇಟ್ಟ ಎಲ್ಲೆ ಯಾವುದು, ನೆಲವೂ ನೀರೂ ಇಟ್ಟ ಎಲ್ಲೆ ಯಾವುದು ಎಂಬ ವಿವೇಚನೆ ತಪ್ಪಿದರೆ ಬರುವ ಕಷ್ಟ ಇಂಥದು.

ಅಂಗಡಿಬೀದಿಯಲ್ಲಿ ಈ ಪದದ ಲೀಲೆಯೇ ಬೇರೆ. ಸಂಸ್ಥೆಗಳ ಹೆಸರಿನ ಕೊನೆಯಲ್ಲಿ 'ಲಿಮಿಟೆಡ್' ಎಂದೋ 'ನಿಯಮಿತ' ಎಂದೋ ಬರೆದಿರುವುದನ್ನು ನೀವು ನೋಡಿದ್ದೀರಿ. ಸಂಸ್ಥೆ ಚಿಕ್ಕದೆಂದು ಅದರ ಅರ್ಥವಲ್ಲ. ಸಾಲ ತೀರಿಸುವ ವಿಷಯದಲ್ಲಿ ಪಾಲುದಾರರ ಹೊಣೆಗೆ ಒಂದು ಮಿತಿಯುಂಟೆಂದು ಕಾನೂನು ನೀಡುವ ಎಚ್ಚರಿಕೆ ಅದು. ಪಕ್ಕದಲ್ಲೇ 'ಅನ್‌ಲಿಮಿಟೆಡ್ ಊಟ' ಎಂಬ ಫಲಕ ತೂಗುತ್ತಿರುತ್ತದೆ. ಊಟ ಅಮಿತವಾಗಿರಬಹುದು; ಹೊಟ್ಟೆ ಮಿತವಾದುದೇ. ಫಲಕವನ್ನು ನಂಬಿ ಹಸಿವನ್ನು ಮರೆತವನು ಮಾರನೆಯ ದಿನ ವೈದ್ಯರ ಬಾಗಿಲು ತಟ್ಟುತ್ತಾನೆ. ಅತಿಯಾದರೆ ಅಮೃತವೂ ವಿಷ ಎಂದ ಹಿರಿಯರು ಹೊಟ್ಟೆಯನ್ನು ಬಲ್ಲವರು.

ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. 'ಮರ್ಯಾದೆ' ಎಂಬ ಮಾತನ್ನು ನಾವು ದಿನವೂ ಆಡುತ್ತೇವೆ. ಸಂಸ್ಕೃತದಲ್ಲಿ ಆ ಪದಕ್ಕೆ ಎಲ್ಲೆ, ದಡ ಎಂಬ ಅರ್ಥಗಳೂ ಉಂಟು. ಕನ್ನಡದಲ್ಲಿ ಅದು ಗೌರವವೆಂಬ ಅರ್ಥದಲ್ಲಿ ನೆಲೆನಿಂತಿದೆ. ಎಲ್ಲೆಯನ್ನು ಹೇಳುವ ಮಾತೇ ಗೌರವವನ್ನು ಹೇಳುವ ಮಾತೂ ಆದುದು ಎಷ್ಟು ಅರ್ಥಪೂರ್ಣ! ಇನ್ನೊಬ್ಬರ ಎದುರಿನಲ್ಲಿ ನಾನೆಲ್ಲಿ ನಿಲ್ಲಬೇಕೆಂದು ನಾನೇ ಅರಿತು ನಿಂತರೆ ಅದು ಮರ್ಯಾದೆ. ನೀನು ಇಲ್ಲಿಯೇ ನಿಲ್ಲು ಎಂದು ಎದುರಿನವನು ಗದರಿದರೆ ಅದು ಇಂದಿನ 'ಲಿಮಿಟ್'. ಮೊದಲನೆಯದು ಒಳಗಿನಿಂದ ಹುಟ್ಟುತ್ತದೆ. ಎರಡನೆಯದು ಹೊರಗಿನಿಂದ ಬೀಳುತ್ತದೆ. "ಮರ್ಯಾದೆಯಿಂದ ಮಾತಾಡಿ" ಎಂದಾಗ ಕೇಳಿದವನು ತನ್ನ ನಡತೆಯನ್ನು ಒಮ್ಮೆ ನೋಡಿಕೊಳ್ಳಬಹುದು. "ನಿನ್ನ ಲಿಮಿಟ್‌ನಲ್ಲಿರು" ಎಂದಾಗ ಅವನು ನೋಡುವುದು ಎದುರಾಳಿಯ ಮುಷ್ಟಿಯನ್ನು ಮಾತ್ರ. ಹಲವು ಭಾಷೆಯವರು ಒಂದೇ ಬೀದಿಯಲ್ಲಿ, ಒಂದೇ ಮಹಡಿಯಲ್ಲಿ ಬಾಳಬೇಕಾದ ತಣಿಸಂದ್ರದಂಥ ಕಡೆಗಳಲ್ಲಿ ನೆರೆಹೊರೆಯನ್ನು ಕಾಯುವುದು ಮೊದಲನೆಯ ಮಾತೇ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಎಲ್ಲೆಗಳನ್ನೆಲ್ಲ ಗೌರವಿಸುತ್ತ ಕುಳಿತರೆ ಲೋಕ ಮುಂದುವರಿಯುವುದು ಹೇಗೆ? ಇದು ನ್ಯಾಯವಾದ ಪ್ರಶ್ನೆ. ನಮ್ಮ ಹಿರಿಯರೂ ಇದನ್ನು ಬಲ್ಲರು. ಆದುದರಿಂದಲೇ ವಿಜಯದಶಮಿಯ ದಿನ ಸೀಮೋಲ್ಲಂಘನವನ್ನು, ಎಂದರೆ ಊರಿನ ಎಲ್ಲೆ ದಾಟುವುದನ್ನು, ಒಂದು ಆಚರಣೆಯಾಗಿ ಮಾಡಿದರು. ಹನ್ನೆರಡನೆಯ ಶತಮಾನದ ಶರಣರು ಕುಲದ ಗೆರೆಗಳನ್ನು ದಾಟಿದರು. ಆದರೆ 'ಲಿಮಿಟ್‌ನಲ್ಲಿರು' ಎಂಬ ಮಾತು ಇಂದಿಗೂ ಅನೇಕ ವೇಳೆ ಬೀಳುವುದು ಯಾರ ಮೇಲೆ? ಹೆಚ್ಚು ಓದಬಯಸುವ ಹುಡುಗಿಯ ಮೇಲೆ. ಕೂಲಿಯ ಲೆಕ್ಕ ಕೇಳುವ ಕೆಲಸಗಾರನ ಮೇಲೆ. ಪ್ರಶ್ನೆ ಕೇಳುವ ಕಿರಿಯರ ಮೇಲೆ. ಅಲ್ಲಿ ಅದು ಮರ್ಯಾದೆಯನ್ನು ಕಾಯುವ ಮಾತಲ್ಲ, ಬಲವುಳ್ಳವರು ಹಾಕುವ ಬೇಲಿ. ಕೆರೆಯ ಏರಿಯನ್ನು ಒಡೆಯುವುದು ಅವಿವೇಕ. ಅನ್ಯಾಯದ ಬೇಲಿಗೆ ತಲೆಬಾಗುವುದೂ ಅವಿವೇಕವೇ.

ಎಲ್ಲಕ್ಕೂ 'ಲಿಮಿಟ್' ಎಂಬ ಒಂದೇ ಹೆಸರಿಟ್ಟರೆ ಏರಿಗೂ ಬೇಲಿಗೂ ಇರುವ ಭೇದ ಕಣ್ಣಿಗೆ ಬೀಳುವುದಿಲ್ಲ. ಭಾಷೆ ಬಡವಾದಾಗ ವಿವೇಕವೂ ಬಡವಾಗುತ್ತದೆ. ವಾಹನದ ವೇಗಕ್ಕೂ ಬ್ಯಾಂಕಿನ ಸಾಲಕ್ಕೂ ಲಿಮಿಟ್ ಎಂಬ ಮಾತು ಇರಲಿ. ಅಂಕಿಯಲ್ಲಿ ಅಳೆಯಬಹುದಾದ ಸಂಗತಿಗೆ ಅದು ಸಲ್ಲುತ್ತದೆ. ಆದರೆ ಮನುಷ್ಯರ ನಡತೆಯನ್ನು ಕುರಿತು ಆ ಮಾತು ನಾಲಗೆಯ ತುದಿಗೆ ಬಂದಾಗ ಒಂದು ಕ್ಷಣ ತಡೆದು ಕೇಳಿಕೊಳ್ಳೋಣ: ಇದು ಬದುವೋ, ಕೋಡಿಯೋ, ಹದವೋ, ಮರ್ಯಾದೆಯೋ, ಬರಿಯ ಬೇಲಿಯೋ? ಈ ಗೆರೆಯನ್ನು ಎಳೆದವರು ಯಾರು, ಯಾರ ಹಿತಕ್ಕಾಗಿ? ಸರಿಯಾದ ಹೆಸರು ಸಿಕ್ಕಿದಲ್ಲಿ, ಯಾವ ಗೆರೆಯ ಮುಂದೆ ನಿಲ್ಲಬೇಕು, ಯಾವುದನ್ನು ದಾಟಬೇಕು ಎಂಬುದು ತಾನಾಗಿಯೇ ಹೊಳೆಯುತ್ತದೆ.